ಆಗ್ಯಾಂ ಅಂದರೆ ಆಗ್ಯಾದ ಅಲ್ಲ

ಶಹಾಪುರದಿಂದ ದೋರನಹಳ್ಳಿ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಹೊಲದೊಳಗೆ ಇಳಿದರೆ ಒಂದು ಇಟ್ಟಂಗಿ ಭಟ್ಟಿ ಸಿಗುತ್ತದೆ. ದೀಪಾವಳಿ ಮುಗಿದ ಮೇಲೆ ಒಡಿಶಾದ ಕಡೆಯಿಂದ ಕುಟುಂಬಗಳು ಬಂದು ಇಲ್ಲಿ ಇಳಿಯುತ್ತವೆ, ಮಳೆಗಾಲಕ್ಕೆ ಮುಂಚೆ ಗಂಟು ಕಟ್ಟಿಕೊಂಡು ಹೊರಡುತ್ತವೆ. ಗಂಡ ಮಣ್ಣು ಕಲಸುತ್ತಾನೆ, ಹೆಂಡತಿ ಅಚ್ಚು ಹಾಕುತ್ತಾಳೆ, ಮಕ್ಕಳು ಹಸಿ ಇಟ್ಟಂಗಿ ಹೊರಳಿಸುತ್ತವೆ. ಹೊರಳಿಸುವುದಕ್ಕೆ ಮಕ್ಕಳೇ ಯಾಕೆ ಎಂದು ನಾನು ಕೇಳಿದ್ದೆ. ದೊಡ್ಡವರು ಸಾಲಿನ ನಡುವೆ ಕಾಲಿಟ್ಟರೆ ಇಟ್ಟಂಗಿಯ ಅಂಚು ಮುರಿಯುತ್ತದೆ, ಮಕ್ಕಳ ಪಾದ ಸಣ್ಣವು ನೋಡಿ ಎಂದು ಭಟ್ಟಿಯ ಮಾಲಕರು ಹೇಳಿದ್ದರು. ಮಕ್ಕಳನ್ನು ಹೊಗಳುವ ದನಿಯಲ್ಲಿಯೇ ಹೇಳಿದ್ದರು.

ಆ ಮಕ್ಕಳಿಗೆ ಮಧ್ಯಾಹ್ನದ ಮೇಲೆ ಕನ್ನಡ ಕಲಿಸುವುದು ನಮ್ಮ ಕೆಲಸ. ಯಾದಗಿರಿ, ಶಹಾಪುರ, ಸುರಪುರದ ಕೆಲವು ಪದವೀಧರರು ಸೇರಿ ಕಟ್ಟಿಕೊಂಡ ಸ್ವಯಂಸೇವಕರ ಗುಂಪು ನಮ್ಮದು. ಒಂದೊಂದು ಜಾಗಕ್ಕೆ ಇಬ್ಬಿಬ್ಬರು. ಈ ಭಟ್ಟಿಗೆ ನಾನು ಮತ್ತು ಸುರಪುರದ ಒಬ್ಬ ಹುಡುಗಿ. ಅವಳ ತಂದೆ ದರ್ಜಿ, ಮನೆಯಲ್ಲಿ ಆಡುವುದು ದಖನಿ ಉರ್ದು. ಹಿಂದಿ ಬಲ್ಲ ಕೂಲಿಕಾರರ ಜೊತೆ ಮಾತಾಡುವುದು ಅವಳ ಪಾಲು, ಪಾಠ ನನ್ನ ಪಾಲು. ನಾನು ಸಗರದವಳು. ಅಪ್ಪ ಕುರಿ ಕಾಯುತ್ತಾರೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಕಲಿತವರು ಕಲಿಸಬೇಕು ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ನಿದ್ದೆ ಬರುತ್ತದೆ. ಆದರೆ ಮೂರು ಗಂಟೆಯಾದರೆ ಸ್ಲೇಟಿನ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದೆ.

ಅಲ್ಲಿಗೆ ಹತ್ತಿರದ ಸರಕಾರಿ ಶಾಲೆಯ ಮುಖ್ಯಗುರುಗಳು ಹಿಂದಿನ ವರ್ಷ ಈ ಮಕ್ಕಳನ್ನು ನೇರವಾಗಿ ತರಗತಿಗೆ ಸೇರಿಸಿಕೊಂಡಿದ್ದರು. ಒಂದು ವಾರ ಕೂಡ ನಿಲ್ಲಲಿಲ್ಲ. ಹೇಳಿದ್ದು ತಿಳಿಯದೆ ಮಕ್ಕಳು ಒಂದೊಂದಾಗಿ ಭಟ್ಟಿಗೆ ವಾಪಸಾದವು, ಹೆಸರು ಮಾತ್ರ ಹಾಜರಿಯಲ್ಲಿ ಉಳಿಯಿತು, ಮೇಲಿನವರು ಇವರನ್ನು ವಿಚಾರಿಸಿದರು. ಹಾಗಾಗಿ ಈ ಸಲ ಅವರು ನಮಗೆ ನೇರವಾಗಿಯೇ ಹೇಳಿದರು. ಬೇಡ ಅನ್ನುವ ಅಧಿಕಾರ ನನಗಿಲ್ಲ, ಅನ್ನುವ ಮನಸ್ಸೂ ಇಲ್ಲ. ಆದರೆ ಸೇರಿಸಿದ ಮೇಲೆ ಅವು ತರಗತಿಯಲ್ಲಿ ಕೂಡಬೇಕಲ್ಲ. ನೀವು ಒಂದಷ್ಟು ಮಾತು ಕಲಿಸಿ, ನಾನೇ ಬಂದು ನೋಡುತ್ತೇನೆ ಅಂದರು.

ಹಾಗೆ ವಾಪಸಾದವರಲ್ಲಿ ಒಬ್ಬ ಹುಡುಗಿ ಇದ್ದಳು. ಹತ್ತು ವರ್ಷವಿರಬಹುದು. ತನ್ನೂರಿನ ಶಾಲೆಯಲ್ಲಿ ಎರಡನೇ ತರಗತಿಯವರೆಗೆ ಓದಿದ್ದಳು, ತನ್ನ ಭಾಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದಳು. ಸೊಂಟದ ಮೇಲೆ ಸದಾ ತಮ್ಮ. ಪಾಠ ನಡೆಯುವ ಶೆಡ್ಡಿನ ತೊಲೆಗೆ ನಾವು ಸೀರೆಯ ಜೋಳಿಗೆ ಕಟ್ಟಿ ಆ ಕೂಸನ್ನು ಮಲಗಿಸಿದ ಮೇಲೆ ಅವಳ ಎರಡೂ ಕೈ ಸ್ಲೇಟಿಗೆ ಸಿಕ್ಕವು. ಅವಳ ತಂದೆ ನನ್ನ ಜೊತೆಗಾತಿಯ ಬಳಿ ಹಿಂದಿಯಲ್ಲಿ ಒಂದೇ ಮಾತು ಹೇಳಿದ್ದ. ಹೋದ ವರ್ಷ ಅಳುತ್ತ ಬಂದಳು. ಈ ಸಲವೂ ಹೋಗಿ ತಿರುಗಿ ಬಂದರೆ ಶಾಲೆಯ ಮಾತು ಮತ್ತೆ ಎತ್ತಬೇಡಿ, ಅಚ್ಚಿಗೆ ಕೂರಿಸುತ್ತೇನೆ. ಅಚ್ಚಿಗೆ ಕೂತವರು ಅಲ್ಲಿಂದ ಏಳುವುದಿಲ್ಲ. ಅವಳ ತಾಯಿ ಕೂತದ್ದೂ ಅದೇ ವಯಸ್ಸಿನಲ್ಲಿ.

ಪಾಠ ಚೆನ್ನಾಗಿಯೇ ನಡೆಯಿತು ಎಂದು ನಾನು ನಂಬಿದ್ದೆ. ಆ ಮಕ್ಕಳಷ್ಟು ವಿನಯದ ಮಕ್ಕಳನ್ನು ನಾನು ಕಂಡಿರಲಿಲ್ಲ. ಅ ಆ ಇ ಈ ಬರೆಸಿ, "ಬರಿಯದು ಆಗ್ಯಾದೇನು?" ಎಂದು ಕೇಳಿದರೆ, "ಆಗ್ಯಾಂ" ಅನ್ನುತ್ತಿದ್ದವು. ಊಟ ಆಗ್ಯಾದೇನು, ಆಗ್ಯಾಂ. ಓದದು ಆಗ್ಯಾದೇನು, ಆಗ್ಯಾಂ. ನಮ್ಮ ಕಡೆ ಮುಗಿದದ್ದಕ್ಕೆಲ್ಲ ಆಗ್ಯಾದ ಅನ್ನುತ್ತೇವೆ. ಬಂದು ತಿಂಗಳಾಗಿಲ್ಲ, ಎಷ್ಟು ಬೇಗ ನಮ್ಮ ಮಾತು ಹಿಡಿದವು ಎಂದು ಹಿಗ್ಗಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಯಾದಗಿರಿಯಲ್ಲಿ ನಮ್ಮ ಗುಂಪನ್ನು ನೋಡಿಕೊಳ್ಳುವ ನಿವೃತ್ತ ಶಿಕ್ಷಕಿಗೆ ಫೋನ್ ಮಾಡಿ, ಸ್ವರ ಮುಗಿದವು ಮೇಡಂ, ವ್ಯಂಜನ ಅರ್ಧಕ್ಕೆ ಬಂದಿವೆ ಎಂದು ಹೇಳಿದೆ. ಮುಖ್ಯಗುರುಗಳಿಗೂ ಬಂದು ನೋಡಿ ಎಂದು ನಾನೇ ಹೇಳಿಕಳಿಸಿದೆ.

ಅವರು ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮೋಟರ್ ಸೈಕಲ್ಲಿನಲ್ಲಿ ಬಂದರು. ಭಟ್ಟಿಯ ಮಾಲಕರು ಕುರ್ಚಿ ತರಿಸಿದರು. ಅಚ್ಚು ಹಾಕುತ್ತಿದ್ದ ಹೆಂಗಸರು ಕೈ ತೊಳೆದು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತರು. ಮಕ್ಕಳು ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದವು. ಮುಖ್ಯಗುರುಗಳು ಮೊದಲ ಸಾಲಿನಲ್ಲಿ ಕೂತಿದ್ದ ಆ ಹುಡುಗಿಯನ್ನು ಎಬ್ಬಿಸಿದರು.

"ಊಟ ಆಗ್ಯಾದೇನವ್ವಾ?"

"ಆಗ್ಯಾಂ."

"ಪಾಠ ಆಗ್ಯಾದೇನು?"

"ಆಗ್ಯಾಂ."

ಅವರು ತಲೆದೂಗಿದರು. ನಾನು ಜೊತೆಗಾತಿಯ ಕಡೆ ನೋಡಿ ನಕ್ಕೆ. ಆದರೆ ಅವರು ಮೂವತ್ತು ವರ್ಷ ಮಕ್ಕಳ ಮುಖ ನೋಡಿದ ಮನುಷ್ಯ. ಏನೋ ಅನುಮಾನ ಬಂದಿರಬೇಕು. ಸ್ವಲ್ಪ ಮುಂದಕ್ಕೆ ಬಾಗಿ, ದನಿ ಬದಲಿಸದೆ ಕೇಳಿದರು.

"ಮದುವಿ ಆಗ್ಯಾದೇನು?"

"ಆಗ್ಯಾಂ."

ಮಾಲಕರು ಮೊದಲು ನಕ್ಕರು. ಆಮೇಲೆ ಅವರ ಟ್ರ್ಯಾಕ್ಟರ್ ಡ್ರೈವರ್, ಆಮೇಲೆ ಮುಖ್ಯಗುರುಗಳು. "ಅಕ್ಕೋರೆ, ನಿಮ್ಮ ಹುಡುಗಿ ಎಲ್ಲಾ ಮುಗಿಸಿ ಕುಂತಾಳ್ರಿ. ನಾ ಏನ್ ಕಲಸಲಿ ಇನ್ನ?" ಅಂದರು. ಕೆಡುಕಿನ ಮನುಷ್ಯನಲ್ಲ ಅವರು. ನಗು ನಿಂತ ಮೇಲೆ ಉಳಿದ ಮಕ್ಕಳನ್ನೂ ಮಾತಾಡಿಸಿದರು. ಎಲ್ಲರ ಬಾಯಲ್ಲೂ ಅದೊಂದೇ ಪದ. ಸ್ಲೇಟಿನ ಮೇಲಿನ ಅಕ್ಷರ ದುಂಡಗಿದ್ದವು, ಆದರೆ ಅದು ಚಿತ್ರ ನೋಡಿ ಚಿತ್ರ ಬರೆದ ಹಾಗೆ. ಹೋಗುವಾಗ ಮೆಲ್ಲಗೆ, ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಹೇಳಿ ಗಾಡಿ ಹತ್ತಿದರು. ಅವರು ಕೇಳಿದ್ದು ಏನೆಂದು ಹುಡುಗಿಗೆ ತಿಳಿದಿರಲಿಲ್ಲ. ನಕ್ಕಿದ್ದು ತನ್ನನ್ನು ನೋಡಿ ಎಂಬುದು ಮಾತ್ರ ತಿಳಿದಿತ್ತು. ಜೋಳಿಗೆಯಿಂದ ತಮ್ಮನನ್ನು ಎತ್ತಿಕೊಂಡು ಹೊರಗೆ ಹೋದಳು.

ಸೋಮವಾರ ಅವಳು ಬರಲಿಲ್ಲ. ಇಟ್ಟಂಗಿಯ ಸಾಲಿನಲ್ಲಿದ್ದಳು. ಕರೆದರೆ ಕೇಳಿಸದವಳಂತೆ ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಆ ಸಂಜೆ ಭಟ್ಟಿಯ ಸರ್ದಾರನನ್ನು ಹಿಡಿದು ಕೂರಿಸಿಕೊಂಡೆವು. ಸರ್ದಾರ ಅಂದರೆ ಒಡಿಶಾದಿಂದ ಕುಟುಂಬಗಳನ್ನು ಕರೆತರುವವನು. ಅವನೂ ಅದೇ ಸೀಮೆಯವನು, ಹಿಂದಿ ಬಲ್ಲ. ಆಗ್ಯಾಂ ಅಂದರೇನು ಎಂದು ಜೊತೆಗಾತಿ ಕೇಳಿದಳು. ಅವನಿಗೆ ನಮ್ಮ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ದೊಡ್ಡವರ ಮುಂದೆ, ಗುರುಗಳ ಮುಂದೆ ಹಾಗೆ ಅನ್ನುವುದು ಅವರ ಕಡೆಯ ಮರ್ಯಾದೆ. ಹೌದು ಅನ್ನುವುದಕ್ಕೂ ಅದೇ, ಹೇಳಿ ಅನ್ನುವುದಕ್ಕೂ ಅದೇ, ಏನಂದಿರಿ ಅನ್ನುವುದಕ್ಕೂ ಅದೇ. ಬರೆಯುವಾಗ ಹೇಗೆ ಬರೆಯುತ್ತಾರೆ ಎಂದು ಕೇಳಿಸಿದಾಗ ಗೊತ್ತಾಯಿತು, ಅದು ನಮ್ಮ ಆಜ್ಞೆಯೇ. ಒಂದೇ ಪದ, ಅವರ ಬಾಯಲ್ಲಿ ಆಗ್ಯಾಂ ಆಗಿದೆ.

ಅಂದರೆ ಅಷ್ಟು ದಿನ ಮಕ್ಕಳು ನನ್ನನ್ನು, ಏನಂದಿರಿ, ಅಪ್ಪಣೆಯಾಗಲಿ ಎಂದು ಕೇಳುತ್ತ ಕೂತಿದ್ದವು. ನಾನು ಮುಗಿಯಿತು ಅಂದುಕೊಂಡು ಪುಟ ತಿರುವುತ್ತಿದ್ದೆ.

ಶಹಾಪುರಕ್ಕೆ ಹೋಗುವ ಟಂಟಂ ಆಟೋಗೆ ಕಾಯುತ್ತ ನಿಂತಾಗ ಜೊತೆಗಾತಿ ಇದ್ದಕ್ಕಿದ್ದಂತೆ ನಗತೊಡಗಿದಳು.

"ಅಕ್ಕಾ, ನಾ ಏನ್ ತಿಳ್ಕೊಂಡಿದ್ದೆ ಗೊತ್ತೇನ್ರಿ? ಹಾಜರಿ ಕರದಾಗ ಆಗ್ಯಾಂ ಅಂತಾವಲ್ಲ, ನಾ ಅದನ್ನ ನಮ್ಮ ಮಾತಿನಾಗ ಆಗಯಾ ಅಂತ ಕೇಳ್ತಿದ್ದೆ. ಬಂದೀನಿ ಅನ್ನಾಕತ್ತಾವ ಅಂತ."

"ನನಗ ಆಗ್ಯಾದ ಅಂತ ಕೇಳಿಸ್ತಿತ್ತು."

"ಹಂಗಾದ್ರ ನಿಮ್ಮ ಕಿವ್ಯಾಗ ಮುಗದು ಹೋಯ್ತು, ನನ್ನ ಕಿವ್ಯಾಗ ಈಗ ಬಂತು," ಅಂದಳು. "ಆ ಕೂಸುಗಳ ಮಾತು ಇಬ್ಬರಿಗೂ ಮುಟ್ಟಲಿಲ್ಲ ನೋಡ್ರಿ."

ನಾನು ನಗಲಿಲ್ಲ. ನನಗೆ ಕಾಲೇಜಿನ ಮೊದಲ ವರ್ಷ ನೆನಪಾಗಿತ್ತು. ಇಂಗ್ಲಿಷ್ ತರಗತಿಯಲ್ಲಿ ಅಧ್ಯಾಪಕರು ತಿಳಿಯಿತೇ ಎಂದು ಕೇಳಿದಾಗೆಲ್ಲ ನಾನೂ ಎಲ್ಲರ ಜೊತೆ ಹೂಂ ರಿ ಅನ್ನುತ್ತಿದ್ದೆ. ದಡ್ಡಿಯಾಗಿ ಅಲ್ಲ. ತಿಳಿಯಲಿಲ್ಲ ಅಂದರೆ ಅವರಿಗೆ ಅವಮಾನ ಮಾಡಿದಂತೆ ಎಂದು ನಮ್ಮ ಮನೆಯಲ್ಲಿ ನನ್ನನ್ನು ಬೆಳೆಸಿದ್ದರು. ಆ ಮರ್ಯಾದೆಯ ಬೆಲೆಯಾಗಿ ಆ ಪೇಪರನ್ನು ನಾನು ಮತ್ತೆ ಮತ್ತೆ ಕಟ್ಟಬೇಕಾಯಿತು. ತಿಳೀಲಿಲ್ರಿ ಎಂಬ ಒಂದು ಮಾತು ನನ್ನ ಬಾಯಿಗೆ ಬಂದದ್ದು ಕಡೆಯ ವರ್ಷದಲ್ಲಿ. ಅಲ್ಲಿಂದ ಮುಂದೆ ನಾನು ಫೇಲಾಗಲಿಲ್ಲ.

ಮರುದಿನ ಯಾದಗಿರಿಯ ಮೇಡಂಗೆ ಫೋನ್ ಮಾಡಿ, ಅಕ್ಷರದ ಪಟ ಸುತ್ತಿಡುತ್ತೇನೆ, ಮೊದಲು ತಿಳೀಲಿಲ್ರಿ ಅನ್ನುವುದನ್ನು ಕಲಿಸುತ್ತೇನೆ ಎಂದೆ.

"ಅಲ್ಲವ್ವಾ, ಮಕ್ಕಳಿಗಿ ತಿಳಿಯಂಗ ಕಲಸ್ತೀಯೋ, ತಿಳೀಲಿಲ್ಲ ಅನ್ನದು ಕಲಸ್ತೀಯೋ?"

"ಅದು ಬಂದ್ರನ ಇದು ಬರ್ತದ್ರಿ ಮೇಡಂ."

"ನೋಡವ್ವಾ, ಹೋದ ಸಲದಂಗ ಆಗಬಾರದು," ಅಂದು ಫೋನ್ ಇಟ್ಟರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಒಪ್ಪಿದರೆಂದೇ ಇಟ್ಟುಕೊಂಡೆ.

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಮೊದಲ ದಿನವೇ ಮಕ್ಕಳು ತಿಳೀಲಿಲ್ರಿ ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಬಿಟ್ಟವು. ಹೆಸರೇನು ಅಂದರೆ, ತಿಳೀಲಿಲ್ರಿ. ನೀರು ಬೇಕಾ ಅಂದರೆ, ಎಲ್ಲರೂ ಒಂದೇ ದನಿಯಲ್ಲಿ, ತಿಳೀಲಿಲ್ರಿ. ಒಂದು ವಿನಯ ಹೋಗಿ ಇನ್ನೊಂದು ವಿನಯ ಬಂದಿತ್ತು ಅಷ್ಟೆ. ಜೊತೆಗಾತಿ ಹಿಂದಿಯಲ್ಲಿ ಬಿಡಿಸಿ ಹೇಳಿದಳು, ಸರ್ದಾರನಿಂದ ಹೇಳಿಸಿದೆವು. ಹೂಂ ಎಂದು ತಲೆಯಾಡಿಸಿದವು. ಗುರುಗಳ ಮುಂದೆ ತಿಳಿಯಲಿಲ್ಲ ಅನ್ನುವುದು ಎದುರು ಮಾತು ಎಂದು ಅವುಗಳ ಮೈಯೊಳಗೇ ಕೂತಿತ್ತು. ಮೈಯೊಳಗಿದ್ದದ್ದನ್ನು ಬಾಯಿಂದ ಹೇಳಿ ತೆಗೆಯಲಾಗುವುದಿಲ್ಲ.

ಆ ಹುಡುಗಿ ಇನ್ನೂ ಶೆಡ್ಡಿನೊಳಗೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಮಕ್ಕಳನ್ನು ಜೊತೆಗಾತಿಗೆ ಒಪ್ಪಿಸಿ ನಾನೇ ಅವಳ ಸಾಲಿನ ತುದಿಗೆ ಹೋಗಿ ನೆಲದ ಮೇಲೆ ಕೂತೆ. ಶಾಲೆಯ ಮಾತು ಎತ್ತಲಿಲ್ಲ. ಅವಳ ತಾಯಿಯೂ ಮತ್ತೊಬ್ಬ ಹೆಂಗಸೂ ಪಕ್ಕದಲ್ಲೇ ಅಚ್ಚು ಹಾಕುತ್ತಿದ್ದರು. ನಾನು ಇಟ್ಟಂಗಿ ತೋರಿಸಿ ಇದಕ್ಕೇನು ಅನ್ನುತ್ತೀರಿ ಎಂದು ಕೈಸನ್ನೆ ಮಾಡಿದೆ. ಹುಡುಗಿ ಹೇಳಿದಳು, ನಾನು ಅದನ್ನೇ ತಿರುಗಿ ಅಂದೆ. ಮಣ್ಣು, ನೀರು, ಅಚ್ಚು, ಹೀಗೇ ನಡೆಯಿತು. ಆಮೇಲೆ ಅವಳು ನನ್ನತ್ತ ಓರೆಯಾಗಿ ನೋಡಿ ತನ್ನ ಮಾತಿನಲ್ಲಿ ಒಂದು ಉದ್ದದ ವಾಕ್ಯ ಹೇಳಿದಳು. ಕೊನೆಗೆ ಪ್ರಶ್ನೆಯ ಧಾಟಿ ಇತ್ತು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ.

"ಆಗ್ಯಾಂ," ಅಂದೆ.

ಅವಳ ಕೈ ನಿಂತಿತು. ಇನ್ನೊಂದು ಕೇಳಿದಳು.

"ಆಗ್ಯಾಂ."

ಮೂರನೆಯದನ್ನು ಅವಳು ತುಂಬ ಗಂಭೀರವಾಗಿ, ದೂರದಲ್ಲಿ ಕಟ್ಟಿದ್ದ ಮಾಲಕರ ಎಮ್ಮೆಯ ಕಡೆ ಒಮ್ಮೆ ನೋಡಿ ಕೇಳಿದಳು. ನಾನು ಅಷ್ಟೇ ವಿನಯದಿಂದ ಆಗ್ಯಾಂ ಅಂದೆ. ಅವಳ ತಾಯಿ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಪಕ್ಕದ ಹೆಂಗಸು ನಕ್ಕು ನಕ್ಕು ಅಚ್ಚು ಕೈಬಿಟ್ಟಳು. ಎಮ್ಮೆಗೂ ನನಗೂ ಏನು ಸಂಬಂಧ ಕಟ್ಟಿದಳೋ ಈವತ್ತಿನವರೆಗೂ ಯಾರೂ ನನಗೆ ಹೇಳಿಲ್ಲ. ನಾನೂ ನಕ್ಕೆ. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ, "ತಿಳೀಲಿಲ್ಲವ್ವಾ. ಇನ್ನೊಮ್ಮೆ ಹೇಳು," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಗು ನಿಂತಿತ್ತು. ಆಮೇಲೆ ಬೇರೊಂದು ಸಣ್ಣ ಮಾತನ್ನು, ಬಿಡಿಬಿಡಿಯಾಗಿ, ಕೂಸಿಗೆ ಹೇಳುವ ಹಾಗೆ ಹೇಳಿದಳು. ನೀರು ಕುಡಿ ಎಂದು. ನನಗೆ ತಿಳಿಯಿತು, ಪಕ್ಕದ ಕೊಡದಿಂದ ಬಗ್ಗಿಸಿ ಕುಡಿದೆ. ತಿಳಿಯಲಿಲ್ಲ ಅಂದರೆ ಎದುರಿನವರು ನಿಧಾನಕ್ಕೆ ಹೇಳುತ್ತಾರೆ, ಬೈಯುವುದಿಲ್ಲ. ಇದನ್ನು ನಾನು ಅವಳಿಗೆ ಕಲಿಸಲಿಲ್ಲ. ಅವಳೇ ನನಗೆ ಮಾಡಿ ತೋರಿಸಿದಳು.

ಮರುದಿನ ಅವಳು ತಮ್ಮನನ್ನು ತಂದು ಜೋಳಿಗೆಯಲ್ಲಿ ಹಾಕಿದಳು.

ಅಲ್ಲಿಂದ ಪಾಠದ ಕ್ರಮವೇ ಬದಲಾಯಿತು. ಮೊದಲ ಅರ್ಧ ತಾಸು ಮಕ್ಕಳು ಗುರುಗಳು, ನಾವಿಬ್ಬರೂ ವಿದ್ಯಾರ್ಥಿಗಳು. ಅವರು ತಮ್ಮ ಭಾಷೆಯಲ್ಲಿ ಅಪ್ಪಣೆ ಕೊಡಬೇಕು, ನಮಗೆ ತಿಳಿಯದಿದ್ದರೆ ನಾವು ಎದ್ದು ನಿಂತು ತಿಳೀಲಿಲ್ರಿ ಅನ್ನಬೇಕು. ಜೊತೆಗಾತಿ ಬೇಕೆಂದೇ ತಪ್ಪು ಮಾಡಿ, "ಹೊಡಿಬ್ಯಾಡ್ರಿ ಗುರುಗಳೇ, ನಕ್ಕೋ," ಎಂದು ದಖನಿಯಲ್ಲೂ ಬೇಡಿ ಕಿವಿ ಹಿಡಿದುಕೊಳ್ಳುತ್ತಿದ್ದಳು. ಆಮೇಲೆ ಅದಲುಬದಲು. ನಾನು ಕೂಡು, ಏಳು, ಬಾಗಿಲು ಹಾಕು ಎಂದು ಹೇಳುತ್ತ ನಡುವೆ ಅವರಿಗೆ ಗೊತ್ತಿಲ್ಲದ ಒಂದು ಮಾತು ಸೇರಿಸುತ್ತಿದ್ದೆ. ತಿಳಿಯದೆಯೇ ಅಕ್ಕಪಕ್ಕ ನೋಡಿ ಮಾಡಿದವರು ಆಟದಿಂದ ಹೊರಗೆ. ನಿಲ್ಲಿಸಿ ಕೇಳಿದವರು ಒಳಗೆ. ಆಗ್ಯಾಂ ಬೇರೆ, ತಿಳೀಲಿಲ್ರಿ ಬೇರೆ ಎಂದು ಮಕ್ಕಳಿಗೆ ಖಚಿತವಾದದ್ದು ಈ ಆಟದಲ್ಲೇ. ಅಕ್ಷರ ಆಮೇಲೆ ಬಂದವು. ಕೇಳುವ ಬಾಯಿ ಬಂದ ಮೇಲೆ ಅಕ್ಷರಕ್ಕೆ ತಡವಾಗಲಿಲ್ಲ. ಇದಕ್ಕೇನಂತಾರ, ಅದಕ್ಕೇನಂತಾರ ಎಂದು ಕೇಳಿ ಕೇಳಿ ಟ್ರ್ಯಾಕ್ಟರ್ ಡ್ರೈವರನ ತಲೆ ತಿಂದವು.

ಮುಖ್ಯಗುರುಗಳನ್ನು ಎರಡನೇ ಸಲ ಕರೆದಾಗ, ನಾನು ಬರುವುದಿಲ್ಲ, ನೀವೇ ಶಾಲೆಗೆ ಕರೆದುಕೊಂಡು ಬನ್ನಿ ಅಂದರು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆರೇಳು ಮಕ್ಕಳನ್ನು ನಡೆಸಿಕೊಂಡು ಹೋದೆವು. ಹುಡುಗಿಯ ತಂದೆ ಕೂಸನ್ನು ಎತ್ತಿಕೊಂಡು ಭಟ್ಟಿಯ ದಾರಿಯವರೆಗೆ ಬಂದು ನಿಂತ. ಹೇಳಬೇಕಾದ್ದನ್ನು ಅವನು ಮೊದಲೇ ಹೇಳಿದ್ದ.

ಚಿಕ್ಕವರನ್ನು ಒಂದನೇ ತರಗತಿಗೆ, ಅವಳನ್ನು ಮೂರನೇ ತರಗತಿಗೆ ಕೂರಿಸಿದರು. ನಾನು ಕಿಟಕಿಯ ಹೊರಗೆ ನಿಂತೆ, ಮುಖ್ಯಗುರುಗಳು ನನ್ನ ಹಿಂದೆ. ತರಗತಿಯ ಸರ್ ವೇಗದ ಮನುಷ್ಯ. ಹಿಂದಿನ ದಿನದ ಪಾಠ ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡಿದು ಒಂದೇ ಉಸಿರಿಗೆ ಏನೋ ಕೇಳಿ, ಹೊಸಬಳ ಕಡೆ ಬೆರಳು ಮಾಡಿದರು. ಅವಳು ಎದ್ದು ನಿಂತಳು. ತರಗತಿಯೆಲ್ಲ ತಿರುಗಿ ಅವಳನ್ನೇ ನೋಡಿತು. ಅವಳ ಬೆರಳು ಲಂಗದ ಅಂಚನ್ನು ಮಡಚುತ್ತಿದ್ದವು.

"ಆಗ್ಯಾಂ," ಅಂದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ತಿಳೀಲಿಲ್ರಿ," ಅಂದಳು. "ಇನ್ನೊಮ್ಮೆ ಹೇಳ್ರಿ."

ಕಿಸಕ್ಕೆಂದವರ ನಗು ನಿಂತಿತು. ನಾನು ಆಗ್ಯಾಂ ಎಂಬುದನ್ನು ಬಿಡಿಸಬೇಕೆಂದು ಒದ್ದಾಡಿದ್ದೆ. ಅವಳು ಬಿಟ್ಟಿರಲಿಲ್ಲ. ತನ್ನೂರಿನ ಮರ್ಯಾದೆಯನ್ನು ಮುಂದಿಟ್ಟು, ಅದರ ಬೆನ್ನಿಗೇ ತನಗೆ ಬೇಕಾದ್ದನ್ನು ಕೇಳಿದ್ದಳು. ಸರ್ ಒಂದು ಗಳಿಗೆ ಅವಳನ್ನು ನೋಡಿದರು. ಆಮೇಲೆ ಬೆಂಚಿನ ಹತ್ತಿರ ಬಂದು ಪುಸ್ತಕದ ಪುಟ ತಾವೇ ತೆಗೆದು, ಸಾಲಿನ ಮೇಲೆ ಬೆರಳಿಟ್ಟು, ಕೇಳಿದ್ದನ್ನೇ ನಿಧಾನಕ್ಕೆ ಕೇಳಿದರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.

ಮುಖ್ಯಗುರುಗಳು ಹಿಂದಿನಿಂದ, "ಚಹಾ ಕುಡಿತೀರೇನ್ರಿ ಅಕ್ಕೋರೆ?" ಅಂದರು. ಅಷ್ಟೇ ಅವರು ಅಂದದ್ದು.

ಮೊದಲ ವಾರ ದಾಟಿತು. ಆ ವಾರವೆಲ್ಲ ನಾನು ಶಹಾಪುರದಿಂದ ಬರುವಾಗ ಮೊದಲು ಇಟ್ಟಂಗಿಯ ಸಾಲಿನ ಕಡೆ ಕಣ್ಣು ಹಾಯಿಸುತ್ತಿದ್ದೆ, ಅವಳು ಅಲ್ಲಿಲ್ಲವೆಂದು ಕಂಡ ಮೇಲೆ ಹೆಜ್ಜೆ ಹಗುರಾಗುತ್ತಿತ್ತು. ಎರಡನೇ ವಾರವೂ ದಾಟಿತು. ಒಂದು ದಿನ ಅವಳ ತಂದೆ ನನ್ನ ಜೊತೆಗಾತಿಯನ್ನು ನಿಲ್ಲಿಸಿ, ಶಾಲೆಗೆ ಹಾಕಿಕೊಂಡು ಹೋಗಲು ಮಗಳಿಗೆ ಚಪ್ಪಲಿ ಎಲ್ಲಿ ಸಿಗುತ್ತವೆ, ಶಹಾಪುರದಲ್ಲೋ ಸುರಪುರದಲ್ಲೋ ಎಂದು ಕೇಳಿದ. ಅಚ್ಚಿನ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಮ್ಮೆ ಶಹಾಪುರದ ಬಸ್ ನಿಲ್ದಾಣದಲ್ಲಿ ಮೂರನೇ ತರಗತಿಯ ಸರ್ ಸಿಕ್ಕರು. ನನ್ನನ್ನು ಕಂಡು ನೇರ ಬಂದರು. ಮುಖ ಬಿಗಿದಿತ್ತು.

"ನಿಮ್ಮ ಹುಡುಗಿ ಬಂದಾಗಿಂದ ನಮ್ಮ ಊರ ಹುಡುಗರೂ ಕಲ್ತಾವ್ರಿ ಅಕ್ಕೋರೆ. ಒಂದು ಮಾತು ಹೇಳದ್ರ ಸಾಕು, ಆ ಮೂಲ್ಯಾಗ ಒಬ್ಬ ತಿಳೀಲಿಲ್ರಿ, ಈ ಮೂಲ್ಯಾಗ ಒಬ್ಬಾಕಿ ಇನ್ನೊಮ್ಮೆ ಹೇಳ್ರಿ. ಒಂದು ತಾಸಿನ ಪಾಠಕ್ಕ ಎರಡು ತಾಸ ಬೇಕಾಗ್ಯಾದ. ಏನ್ ಮಾಡ್ಲಿ ನಾ?"

"ಎರಡು ತಾಸ ತಗೋರ್ರಿ ಸರ್," ಅಂದೆ.